ಸರೋವರ ಹೆಪ್ಪುಗಟ್ಟಲ್ಲ, ಎಂಜಿನ್ ಒಡೆಯುತ್ತೆ

ನಮ್ಮ ಕಡೆ ಗಾಡಿಗೆ ಸೀಸನ್ ಸರ್ವೀಸ್ ಅಂದ್ರೆ ಮಳೆಗಾಲಕ್ಕೆ ಮುಂಚೆ ಟೈರ್, ಬ್ರೇಕ್, ಚೈನ್ ನೋಡಿಸೋದು. ಎಂಜಿನ್ ಒಳಗಿನ ನೀರು ಒಂದೇ ರಾತ್ರಿಯಲ್ಲಿ ಮಂಜುಗಡ್ಡೆಯಾಗಿ ಎಂಜಿನ್ನನ್ನೇ ಸೀಳಿಬಿಡುತ್ತೆ ಅನ್ನೋ ಭಯ ನಮಗಿಲ್ಲ. ಆದರೆ ಎತ್ತರದ ಬೆಟ್ಟಗಳ ನಡುವೆ, ತಣ್ಣನೆಯ ಸರೋವರದಲ್ಲಿ ಬೋಟ್ ಇಟ್ಟುಕೊಂಡವರಿಗೆ ಪ್ರತಿ ವರ್ಷ ಇದೇ ದೊಡ್ಡ ಚಿಂತೆ. ಅಮೆರಿಕದ ಲೇಕ್ ಟಾಹೋ ಸರೋವರವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದರ ಹಿಂದಿರುವ ಎಂಜಿನಿಯರಿಂಗ್ ಏನು ಅಂತ ನೋಡೋಣ. ಥರ್ಮೋಡೈನಮಿಕ್ಸ್‌ನಲ್ಲಿ ಪರೀಕ್ಷೆಗೋಸ್ಕರ ಓದಿದ್ದು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತೆ.

ಸರೋವರ ಯಾಕೆ ಹೆಪ್ಪುಗಟ್ಟಲ್ಲ?

ಟಾಹೋ ಇರೋದು ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ರಾಜ್ಯಗಳ ಗಡಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿ. ಅತಿ ಹೆಚ್ಚಿನ ಆಳ ಸುಮಾರು 500 ಮೀಟರ್. ಚಳಿಗಾಲದಲ್ಲಿ ದಡದ ಮೇಲೆ ಆಳೆತ್ತರದ ಹಿಮ ಬಿದ್ದರೂ ಸರೋವರ ಮಾತ್ರ ಹೆಪ್ಪುಗಟ್ಟೋದಿಲ್ಲ.

ಕಾರಣ ಸರಳ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಹೆಚ್ಚು ಸಾಂದ್ರವಾಗಿರುತ್ತದೆ. ಮೇಲಿನ ನೀರು ತಣ್ಣಗಾದಂತೆ ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನ ಸ್ವಲ್ಪ ಬೆಚ್ಚಗಿನ ನೀರು ಮೇಲೆ ಬರುತ್ತದೆ. ಅಷ್ಟು ಆಳದ ನೀರೆಲ್ಲ ಹೀಗೆ ಮಗುಚಿ ಮಗುಚಿ ತಣ್ಣಗಾಗೋಕೆ ಒಂದು ಚಳಿಗಾಲ ಸಾಲೋದಿಲ್ಲ.

ಬೋಟ್ ಎಂಜಿನ್‌ನಲ್ಲಿ ಇರೋದು ಕೆಲವೇ ಲೀಟರ್ ನೀರು. ಅದರ ಶಾಖ ಒಂದೇ ರಾತ್ರಿಯಲ್ಲಿ ಹೋಗಿಬಿಡುತ್ತೆ. ದಡದಲ್ಲಿ ಅಕ್ಟೋಬರ್‌ನಲ್ಲೇ ರಾತ್ರಿಯ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಸರೋವರ ನೀಲಿಯಾಗಿ ಅಲೆಯಾಡ್ತಿದೆ, ಇನ್ನೂ ಟೈಮ್ ಇದೆ ಅಂತ ಅಂದುಕೊಂಡವರ ಎಂಜಿನ್ ಒಡೆಯೋದು ಹೀಗೆ.

ಒಂದು ಸಣ್ಣ ಲೆಕ್ಕ

ಕಾರಿನ ಎಂಜಿನ್‌ನಲ್ಲಿ ಕೂಲೆಂಟ್ ಮುಚ್ಚಿದ ವ್ಯವಸ್ಥೆಯಲ್ಲಿ ಸುತ್ತುತ್ತೆ. ಬಹಳಷ್ಟು ಇನ್‌ಬೋರ್ಡ್ ಬೋಟ್‌ಗಳಲ್ಲಿ ಹಾಗಲ್ಲ. ಪಂಪ್ ಸರೋವರದ ನೀರನ್ನೇ ಎಳೆದು ಬ್ಲಾಕ್ ಒಳಗೆ ಹರಿಸಿ, ಎಕ್ಸಾಸ್ಟ್ ಜೊತೆ ಹೊರಗೆ ಹಾಕುತ್ತೆ. ಎಂಜಿನ್ ಆಫ್ ಮಾಡಿದ ಮೇಲೂ ಬ್ಲಾಕ್‌ನ ಮೂಲೆಗಳಲ್ಲಿ ನೀರು ಉಳಿಯುತ್ತೆ.

ನೀರು ಮಂಜುಗಡ್ಡೆಯಾದಾಗ ಗಾತ್ರ ಸುಮಾರು 9% ಹೆಚ್ಚುತ್ತದೆ. ಜಾಗ ಇಲ್ಲದಿದ್ದರೆ ಒತ್ತಡ ಏರುತ್ತದೆ. ಎಷ್ಟು? ಕ್ಲಾಸಿಯಸ್–ಕ್ಲಾಪೇರಾನ್ ಸಮೀಕರಣ ಹಾಕಿ ನೋಡಿ. ಕರಗುವ ಗುಪ್ತೋಷ್ಣ ಕೆಜಿಗೆ 334 ಕಿಲೋಜೌಲ್, ಉಷ್ಣತೆ 273 ಕೆಲ್ವಿನ್, ಗಾತ್ರದ ವ್ಯತ್ಯಾಸ ಕೆಜಿಗೆ ಸುಮಾರು 0.00009 ಘನ ಮೀಟರ್. ಉತ್ತರ: ಪ್ರತಿ ಒಂದು ಡಿಗ್ರಿ ಇಳಿಕೆಗೆ ಸುಮಾರು 13.5 ಮೆಗಾಪಾಸ್ಕಲ್, ಅಂದ್ರೆ 135 ಬಾರ್. ನಮ್ಮ ಬೈಕ್ ಟೈರ್‌ನಲ್ಲಿ ಇರೋದು ಸುಮಾರು 2 ಬಾರ್ ಅಷ್ಟೇ! ಮೈನಸ್ 5 ಡಿಗ್ರಿಗೆ ಈ ಒತ್ತಡ 60 ಮೆಗಾಪಾಸ್ಕಲ್ ಆಸುಪಾಸು ಹೋಗಬಹುದು. ಎರಕದ ಕಬ್ಬಿಣ ಒತ್ತಿದರೆ ತಡೆಯುತ್ತೆ, ಹಿಗ್ಗಿಸಿದರೆ ತಡೆಯೋದು ಕಡಿಮೆ. ಬ್ಲಾಕ್‌ನ ತೆಳುವಾದ ಗೋಡೆ ಬಿರುಕು ಬಿಡುತ್ತೆ.

ಇನ್ನೊಂದು ತೊಂದರೆ ಏನಂದ್ರೆ ಬಿರುಕು ಬಿಟ್ಟಿದ್ದು ಆಗಲೇ ಗೊತ್ತಾಗಲ್ಲ. ಮಂಜುಗಡ್ಡೆಯೇ ಬಿರುಕನ್ನು ಮುಚ್ಚಿರುತ್ತೆ. ವಸಂತದಲ್ಲಿ ಅದು ಕರಗಿ, ಎಂಜಿನ್ ಸ್ಟಾರ್ಟ್ ಮಾಡಿದ ಮೇಲೆ ನೀರು ಹೊರಗೋ, ಆಯಿಲ್ ಒಳಗೋ ಸೋರೋಕೆ ಶುರುವಾಗುತ್ತೆ.

ಚಳಿಗಾಲಕ್ಕೆ ಮುಂಚೆ ಮಾಡೋ ಕೆಲಸ

1. ಪೆಟ್ರೋಲ್: ಟ್ಯಾಂಕ್‌ಗೆ ಸ್ಟೆಬಿಲೈಸರ್ ಹಾಕಿ ಎಂಜಿನ್ ಸ್ವಲ್ಪ ಹೊತ್ತು ಓಡಿಸಬೇಕು, ಆಗ ಅದು ಎಲ್ಲ ಪೈಪ್‌ಗಳಿಗೂ ತಲುಪುತ್ತೆ. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರಿಕೊಳ್ಳುತ್ತೆ. ತೇವ ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಬೇರೆಯಾಗಿ ಟ್ಯಾಂಕ್ ತಳಕ್ಕೆ ಕೂರುತ್ತೆ.

2. ಆಯಿಲ್: ಎಂಜಿನ್ ಬಿಸಿ ಇದ್ದಾಗಲೇ ಹಳೆ ಆಯಿಲ್ ತೆಗೆದು ಹೊಸದು ಹಾಕಬೇಕು. ಹಳೆ ಆಯಿಲ್‌ನಲ್ಲಿರುವ ಆಮ್ಲ ಮತ್ತು ತೇವ ತಿಂಗಳುಗಟ್ಟಲೆ ಬೇರಿಂಗ್ ಮೇಲೆ ಕೂರಬಾರದು.

3. ನೀರು ಖಾಲಿ ಮಾಡೋದು: ಇದೇ ಎಲ್ಲಕ್ಕಿಂತ ಮುಖ್ಯ. ಬ್ಲಾಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳ ಡ್ರೇನ್ ಪ್ಲಗ್‌ಗಳನ್ನೆಲ್ಲ ತೆಗೆಯಬೇಕು. ವಿ-ಎಂಜಿನ್ ಆದರೆ ಎರಡೂ ಕಡೆ. ಪ್ಲಗ್ ತೆಗೆದರೂ ನೀರು ಬರಲಿಲ್ಲ ಅಂದ್ರೆ ಒಳಗೆ ಖಾಲಿ ಇದೆ ಅಂತ ಅರ್ಥ ಅಲ್ಲ. ತುಕ್ಕೋ ಮರಳೋ ತೂತನ್ನು ಮುಚ್ಚಿರಬಹುದು, ತಂತಿ ಹಾಕಿ ಚುಚ್ಚಿ ನೋಡಬೇಕು. ಔಟ್‌ಬೋರ್ಡ್ ಎಂಜಿನ್ ಆದರೆ ನೆಟ್ಟಗೆ ನಿಲ್ಲಿಸಿದರೆ ಸಾಕು, ನೀರು ತಾನೇ ಇಳಿದುಹೋಗುತ್ತೆ.

4. ಆಂಟಿಫ್ರೀಜ್: ನೀರು ತೆಗೆದ ಮೇಲೆಯೇ ಹಾಕಬೇಕು. ಉಳಿದ ನೀರಿನ ಜೊತೆ ಬೆರೆತರೆ ಅದರ ಶಕ್ತಿ ಕಡಿಮೆಯಾಗುತ್ತೆ. ಇದು ಕೊನೆಗೆ ಸರೋವರದ ನೀರು ಸೇರಬಹುದಾದ್ದರಿಂದ, ವಿಷಕಾರಿಯಾದ ಎಥಿಲೀನ್ ಗ್ಲೈಕಾಲ್ ಬದಲು ಪ್ರೊಪಿಲೀನ್ ಗ್ಲೈಕಾಲ್ ಬಳಸುತ್ತಾರೆ.

5. ಗೇರ್ ಆಯಿಲ್: ಪ್ರೊಪೆಲ್ಲರ್ ಮೇಲಿನ ಗೇರ್ ಬಾಕ್ಸ್‌ನ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ, ನೀರು ಸೇರಿದೆ ಅಂತ ಅರ್ಥ. ಹಾಗೇ ಬಿಟ್ಟರೆ ಗೇರ್ ಬಾಕ್ಸ್ ಕವಚವೂ ಒಡೆಯುತ್ತೆ.

6. ಬ್ಯಾಟರಿ: ಪೂರ್ತಿ ಚಾರ್ಜ್ ಆದ ಲೆಡ್-ಆ್ಯಸಿಡ್ ಬ್ಯಾಟರಿ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟಲ್ಲ. ಖಾಲಿಯಾದದ್ದು ಮೈನಸ್ 10ರ ಹತ್ತಿರವೇ ಹೆಪ್ಪುಗಟ್ಟಬಹುದು, ಯಾಕಂದ್ರೆ ಅದರ ಆ್ಯಸಿಡ್ ಖರ್ಚಾಗಿ ದ್ರಾವಣ ಹೆಚ್ಚುಕಡಿಮೆ ಬರೀ ನೀರಾಗಿರುತ್ತೆ.

7. ಹೊದಿಕೆ: ಬೋಟ್‌ನ ತಳದ ಪ್ಲಗ್ ತೆಗೆದು, ಮೂತಿ ಮೇಲಿರುವಂತೆ ನಿಲ್ಲಿಸಬೇಕು. ಹೊದಿಕೆಗೆ ಒಳಗಿಂದ ಗಟ್ಟಿ ಆಧಾರ ಕೊಡಬೇಕು. ಇಲ್ಲದಿದ್ದರೆ ಹಿಮದ ಭಾರಕ್ಕೆ ಜೋತುಬೀಳುತ್ತೆ.

ತೆಗೆದ ಪ್ಲಗ್‌ಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಸ್ಟೀರಿಂಗ್‌ಗೆ ಕಟ್ಟಿಡೋದು ಒಳ್ಳೇದು. ವಸಂತದಲ್ಲಿ ಬೋಟ್ ಹತ್ತಿದ ತಕ್ಷಣ ಮೊದಲು ಕಣ್ಣಿಗೆ ಬೀಳೋದು ಅದೇ.

ವಸಂತದಲ್ಲಿ

ಪ್ಲಗ್‌ಗಳನ್ನು ವಾಪಸ್ ಹಾಕಿ, ನೀರಿನ ಪಂಪ್‌ನ ರಬ್ಬರ್ ಇಂಪೆಲ್ಲರ್, ಬೆಲ್ಟ್, ಹೋಸ್ ನೋಡಬೇಕು. ಬೇರೆ ಊರಿಂದ ಬೋಟ್ ತಂದವರು ಎತ್ತರದ ಲೆಕ್ಕವನ್ನೂ ಹಾಕಬೇಕು. 1,900 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು 83% ಮಾತ್ರ. ಟರ್ಬೊ ಇಲ್ಲದ ಎಂಜಿನ್‌ನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತೆ. ಹಳೆ ಪ್ರೊಪೆಲ್ಲರನ್ನು ಪೂರ್ತಿ ಆರ್‌ಪಿಎಂನಲ್ಲಿ ತಿರುಗಿಸೋಕೆ ಆಗಲ್ಲ. ಅದಕ್ಕೇ ಪಿಚ್ ಕಡಿಮೆ ಇರುವ ಪ್ರೊಪೆಲ್ಲರ್ ಹಾಕುತ್ತಾರೆ. ಕಾರ್ಬ್ಯುರೇಟರ್ ಎಂಜಿನ್ ಆದರೆ ಜೆಟ್ ಕೂಡ ಚಿಕ್ಕದು ಬೇಕು.

ಅದೇ ಪ್ಲಗ್, ಇನ್ನೊಂದು ಕೆಲಸ

ನೀರು ಖಾಲಿ ಮಾಡೋದರಿಂದ ಉಳಿಯೋದು ಎಂಜಿನ್ ಮಾತ್ರ ಅಲ್ಲ. ಕ್ವಾಗಾ ಮಸೆಲ್ ಅನ್ನೋ ಚಿಪ್ಪುಜೀವಿಯ ಮರಿಗಳು ಬರಿಗಣ್ಣಿಗೆ ಕಾಣಲ್ಲ. ಬೋಟ್‌ನಲ್ಲಿ ನಿಂತ ನೀರಿನೊಳಗೆ ಕೂತು ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುತ್ತವೆ. ಒಮ್ಮೆ ನೆಲೆಯೂರಿದರೆ ಪೈಪ್‌ಗಳನ್ನು ಮುಚ್ಚಿ, ಸರೋವರದ ಆಹಾರ ಸರಪಳಿಯನ್ನೇ ಕೆಡಿಸುತ್ತವೆ. ಅಲ್ಲಿಂದ ಪೂರ್ತಿ ಕಿತ್ತುಹಾಕೋದು ಹೆಚ್ಚುಕಡಿಮೆ ಅಸಾಧ್ಯ. ಟಾಹೋದಲ್ಲಿ 2008ರಿಂದ ಬೋಟ್ ತಪಾಸಣೆ ನಡೀತಿದೆ. ತೊಳೆದು, ನೀರು ಖಾಲಿ ಮಾಡಿ, ಒಣಗಿಸಿ ತನ್ನಿ ಅನ್ನೋದೇ ನಿಯಮ. ಬಿಸಿನೀರು ಹಾಯಿಸಿ ಶುದ್ಧ ಮಾಡೋದೂ ಇದೆ. 2024ರಲ್ಲಿ ಕ್ಯಾಲಿಫೋರ್ನಿಯಾದ ನದಿ ಮುಖಜ ಪ್ರದೇಶದಲ್ಲಿ ಗೋಲ್ಡನ್ ಮಸೆಲ್ ಅನ್ನೋ ಇನ್ನೊಂದು ಜಾತಿ ಸಿಕ್ಕ ಮೇಲೆ ಈ ಎಚ್ಚರ ಇನ್ನೂ ಹೆಚ್ಚಾಗಿದೆ.

ಒಂದು ಡ್ರೇನ್ ಪ್ಲಗ್ ತೆಗೆಯೋಕೆ ಬೇಕಿರೋದು ಒಂದು ಸ್ಪ್ಯಾನರ್, ಐದು ನಿಮಿಷ. ತೆಗೆಯದೆ ಬಿಟ್ಟರೆ ಶರತ್ಕಾಲದಲ್ಲಿ ಹೋಗೋದು ಒಂದು ಎಂಜಿನ್, ವಸಂತದಲ್ಲಿ ಹೋಗೋದು ಇಡೀ ಸರೋವರ ಆಗಿರಬಹುದು. ಮುಂದೆ ಯಾವುದಾದರೂ ಡಿಸೈನ್ ಪ್ರಾಜೆಕ್ಟ್‌ನಲ್ಲಿ ನೀರು ಹರಿಯುವ ಭಾಗ ಬರೆಯುವಾಗ ಇದೊಂದು ಪ್ರಶ್ನೆ ಕೇಳಿಕೊಳ್ಳಿ: ನೀರು ಒಳಗೆ ಬರೋ ದಾರಿ ಸರಿ, ಕೊನೆಯ ಹನಿ ಹೊರಗೆ ಹೋಗೋದು ಎಲ್ಲಿಂದ?