ವಿದ್ಯುತ್ ಮೋಟಾರು ಬೈಕೂ ಸೈಕಲ್ ಪಥವೂ

ವಿದ್ಯುಚ್ಛಕ್ತಿಯಿಂದ ಓಡುವ ಮೋಟಾರು ಬೈಕು ಹೊಗೆಯನ್ನು ಉಗುಳುವುದಿಲ್ಲ. ಅದರ ಸದ್ದೂ ಅತ್ಯಲ್ಪ. ಆದಕಾರಣ ಅದು ಸೈಕಲ್ಲಿನ ಬಳಗಕ್ಕೇ ಸೇರಿದುದೆಂದೂ, ಸೈಕಲ್ಲುಗಳಿಗಾಗಿ ಮೀಸಲಾದ ಪಥದಲ್ಲಿ ಅದಕ್ಕೂ ಎಡೆಗೊಡಬೇಕೆಂದೂ ಕೆಲವರು ವಾದಿಸುವರು. ಈ ವಾದವನ್ನು ಭೌತಶಾಸ್ತ್ರದ ಒರೆಗೆ ಹಚ್ಚಿ ನೋಡೋಣ.

ಚಲಿಸುವ ಪ್ರತಿಯೊಂದು ವಸ್ತುವಿನಲ್ಲಿಯೂ ಚಲನಶಕ್ತಿಯಿರುತ್ತದೆ. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ, ಬಂದುದನ್ನು ಅರ್ಧ ಮಾಡಿದರೆ ಅದರ ಪ್ರಮಾಣ ದೊರೆಯುತ್ತದೆ. ಸವಾರನೂ ಸೈಕಲ್ಲೂ ಸೇರಿ 80 ಕಿಲೋಗ್ರಾಂ ಇರಲಿ; ವೇಗ ಗಂಟೆಗೆ 18 ಕಿಲೋಮೀಟರು, ಎಂದರೆ ಸೆಕೆಂಡಿಗೆ 5 ಮೀಟರು ಇರಲಿ. ಆಗ ಚಲನಶಕ್ತಿ 1,000 ಜೂಲ್. ಸವಾರನೊಡನೆ 180 ಕಿಲೋಗ್ರಾಂ ತೂಗುವ ವಿದ್ಯುತ್ ಬೈಕು ಇದರ ಇಮ್ಮಡಿ ವೇಗದಿಂದ ಬಂದರೆ ಅದರ ಚಲನಶಕ್ತಿ 9,000 ಜೂಲ್! ದ್ರವ್ಯರಾಶಿ ಎರಡೂಕಾಲು ಪಟ್ಟು, ವೇಗದ ವರ್ಗ ನಾಲ್ಕು ಪಟ್ಟು. ಇವುಗಳ ಗುಣಲಬ್ಧವೇ ಒಂಬತ್ತು. ಡಿಕ್ಕಿಯಾದಾಗ ಮೂಳೆ ಮಾಂಸಗಳು ತಾಳಿಕೊಳ್ಳಬೇಕಾದುದು ಈ ಶಕ್ತಿಯನ್ನೇ.

ಸದ್ದಿಲ್ಲದಿರುವುದೂ ಇಲ್ಲಿ ಗುಣವಲ್ಲ. ಹಿಂದಿನಿಂದ ಬರುವ ಬೈಕಿನ ಸುಳಿವು ಮುಂದಿನ ಸೈಕಲ್ ಸವಾರನಿಗೆ ಸಿಕ್ಕುವುದೇ ಇಲ್ಲ. ಬೈಕಿನವನು ಅಪಾಯವನ್ನು ಕಂಡು ಬ್ರೇಕನ್ನು ಅದುಮುವುದಕ್ಕೆ ಒಂದು ಸೆಕೆಂಡು ಹಿಡಿದರೂ ಅಷ್ಟರಲ್ಲಿ ಬೈಕು 10 ಮೀಟರು ಮುಂದೆ ಬಂದಿರುತ್ತದೆ.

ಸೈಕಲ್ಲುಗಳ ನಾಡೆಂದು ಹೆಸರಾದ ನೆದರ್ಲೆಂಡ್ಸಿನ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿ ಗಂಟೆಗೆ 25 ಕಿಲೋಮೀಟರು ಮಿತಿಯ ಹಗುರವಾದ ಮೊಪೆಡ್ಡುಗಳಿಗೆ ಸೈಕಲ್ ಪಥದಲ್ಲಿ ಅವಕಾಶವಿತ್ತು. ಆದರೆ ಮಿತಿಯನ್ನು ಮೀರಿ ಓಡಿಸುವವರು ಹೆಚ್ಚಿದರು. 2019ರ ಏಪ್ರಿಲ್ 8ರಿಂದ ಆಮ್‌ಸ್ಟರ್‌ಡ್ಯಾಮ್ ನಗರವು ತನ್ನ ವರ್ತುಲ ರಸ್ತೆಯ ಒಳಭಾಗದ ಬಹುತೇಕ ಸೈಕಲ್ ಪಥಗಳಿಂದ ಅವುಗಳನ್ನು ಮುಖ್ಯ ರಸ್ತೆಗೆ ಕಳುಹಿಸಿ, ಸವಾರರು ಶಿರಸ್ತ್ರಾಣ ಧರಿಸಬೇಕೆಂದು ವಿಧಿಸಿತು. ಪೆಟ್ರೋಲಿನದೋ ವಿದ್ಯುತ್ತಿನದೋ ಎಂದು ಆ ನಿಯಮ ಕೇಳಲಿಲ್ಲವೆಂಬುದು ಗಮನಾರ್ಹ.

ಹಾಗೆಂದು ವಿದ್ಯುತ್ ವಾಹನವೆಲ್ಲವೂ ವರ್ಜ್ಯವಲ್ಲ. ಪೆಡಲು ತುಳಿದಾಗ ಮಾತ್ರ ನೆರವಾಗುವ, 250 ವಾಟ್ ಮೀರದ ಮೋಟಾರಿದ್ದು, ಗಂಟೆಗೆ 25 ಕಿಲೋಮೀಟರು ತಲಪಿದೊಡನೆ ಆ ನೆರವು ನಿಲ್ಲುವ ಯಂತ್ರವನ್ನು ಯುರೋಪಿನ ಒಕ್ಕೂಟ ಸೈಕಲ್ಲೆಂದೇ ಎಣಿಸುತ್ತದೆ. ಅದರ ತೂಕವೂ ವೇಗವೂ ಸೈಕಲ್ಲಿಗೆ ಸಮೀಪವಾದುವು.

ಹಾಗಾದರೆ ಬೈಕಿನ ಸವಾರನನ್ನು ಲಾರಿಗಳ ನಡುವೆ ನೂಕುವುದು ನ್ಯಾಯವೇ? ಪ್ರಶ್ನೆ ಯುಕ್ತವಾದುದೇ. ಇದಕ್ಕೆ ಪರಿಹಾರ ಮುಖ್ಯ ರಸ್ತೆಯ ವೇಗವನ್ನು ತಗ್ಗಿಸುವುದು; ಆ ಅಪಾಯವನ್ನು ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಬಾಲಕನ ಮೇಲೆ ಹೊರಿಸುವುದಲ್ಲ. ವಾಹನದ ಸ್ಥಾನವನ್ನು ನಿರ್ಣಯಿಸಬೇಕಾದುದು ಅದರ ಇಂಧನವಲ್ಲ, ತೂಕ ಮತ್ತು ವೇಗ. ಅದೇ ಬೈಕು ಗಂಟೆಗೆ 54 ಕಿಲೋಮೀಟರು ವೇಗದಿಂದ ಬಂದರೆ ಅದರ ಚಲನಶಕ್ತಿ ಎಷ್ಟೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಲಿ.