ನಂದಿಷೇಣನ ನಿದಾನ

ಮಾಯೆ, ಮಿಥ್ಯಾತ್ವ, ನಿದಾನ ಎಂದು ಶಲ್ಯಗಳು ಮೂರು. ಇವು ಒಳಗೆ ನಾಟಿರುವ ತನಕ ಉಪವಾಸಗಳನ್ನು ಎಷ್ಟು ಕೈಕೊಂಡರೂ ಅವನನ್ನು ವ್ರತಿಯೆನ್ನಲು ಉಮಾಸ್ವಾಮಿಗಳು ಒಪ್ಪುವುದಿಲ್ಲ. ಮಾಡಿದ ತಪಸ್ಸಿಗೆ ಪ್ರತಿಯಾಗಿ ಇಂಥದೇ ಭೋಗ ಮುಂದೆ ದೊರೆಯಲೆಂದು ಸಂಕಲ್ಪಿಸುವುದೇ ನಿದಾನ. (ಸಾವಕಾಶವೆಂಬ ಅರ್ಥದ 'ನಿಧಾನ' ಬೇರೆ, ಮಕ್ಕಳಿಗೆ ಹೇಳುವಾಗ ಎಚ್ಚರವಿರಲಿ.)

ಜನರ ಮೆಚ್ಚುಗೆಯನ್ನು ಬಯಸುವುದೂ ನಿದಾನವಾದೀತೇ ಎಂದು ಸಂಶಯಿಸುವವರು ಹರಿವಂಶಪುರಾಣದ ನಂದಿಷೇಣನ ವೃತ್ತಾಂತವನ್ನು ಓದಬೇಕು. ಶಕ 705ರಲ್ಲಿ, ಎಂದರೆ ಕ್ರಿ.ಶ. 783ರಲ್ಲಿ, ಇದನ್ನು ರಚಿಸಿದ ಜಿನಸೇನಾಚಾರ್ಯರು ಪುನ್ನಾಟ ಸಂಘದವರು. ಆದಿಪುರಾಣದ ಜಿನಸೇನರು ಬೇರೆ.

ನಂದಿಷೇಣನು ತಂದೆತಾಯಿಗಳಿಲ್ಲದ ಬಡ ಬ್ರಾಹ್ಮಣ ಬಾಲಕ. ನೋಡಲು ಕುರೂಪಿ. ಸೋದರಮಾವನ ಮನೆಯಲ್ಲಿ ಬೆಳೆದು ಹರೆಯಕ್ಕೆ ಬಂದಾಗ ಮಾವನ ಹೆಣ್ಣುಮಕ್ಕಳು ಅವನನ್ನು ಕಂಡು ಹೇಸಿ ಹಳಿದರು. ಅವಮಾನವನ್ನು ತಾಳಲಾರದೆ ಅವನು ಪ್ರಾಣ ಬಿಡಲೆಂದು ಬೆಟ್ಟವನ್ನೇರಿದನು. ಅಲ್ಲಿದ್ದ ಮುನಿಗಳು ತಡೆದು ಧರ್ಮವನ್ನು ಬೋಧಿಸಿದರು. ಅವನು ದೀಕ್ಷೆಯನ್ನು ಪಡೆದನು. ಆ ಮನೆಯ ಹಿರಿಯರಲ್ಲಿ ಒಬ್ಬರಾದರೂ ಒಂದು ಒಳ್ಳೆಯ ಮಾತನ್ನಾಡಿದ್ದರೆ ಏನಾಗುತ್ತಿತ್ತೋ!

ಮುನಿಯಾದ ಮೇಲೆ ನಂದಿಷೇಣನ ಉಪವಾಸಗಳಿಗಿಂತಲೂ ಅವನ ವೈಯಾವೃತ್ತ್ಯವೇ ಪ್ರಸಿದ್ಧವಾಯಿತು. ರೋಗಪೀಡಿತ ಮುನಿಗಳ ಶುಶ್ರೂಷೆಯಲ್ಲಿ ಅವನಿಗೆ ಹೇಸಿಗೆಯೆಂಬುದೇ ಇರಲಿಲ್ಲ. ಇಂದ್ರನೇ ಸಭೆಯಲ್ಲಿ ಅವನನ್ನು ಹೊಗಳಿದನು. ನಂಬದ ದೇವನೊಬ್ಬನು ರೋಗಿಯ ವೇಷದಿಂದ ಬಂದು ಪರೀಕ್ಷಿಸಿ ತಲೆಬಾಗಿದನು. ಇಷ್ಟಾದರೂ ಆಯುಷ್ಯದ ಕೊನೆಯಲ್ಲಿ ಅವನು ಬಯಸಿದ್ದೇನು? ಮುಂದಿನ ಭವದಲ್ಲಿ ತಾನು ಸುಂದರನೂ ಎಲ್ಲರ ಕಣ್ಣಿಗೆ ಪ್ರಿಯನೂ ಆಗಬೇಕೆಂದು! ಇಂದ್ರನ ಹೊಗಳಿಕೆಯಿಂದಲೂ ಮಾವನ ಮಕ್ಕಳ ಹಳಿಮಾತು ಅಳಿಸಿಹೋಗಿರಲಿಲ್ಲ. ಕರ್ಮಕ್ಷಯಕ್ಕೆ ಸಲ್ಲಬೇಕಾದ ತಪಸ್ಸನ್ನು ಅವನು ರೂಪಕ್ಕೆ ಮಾರಿದನು.

ನಮ್ಮ ಮನೆಗಳಲ್ಲಿಯೂ ಇದು ನಡೆಯುವುದುಂಟು. ಶಾಲೆಯಲ್ಲಿ ಯಾರೂ ಜೊತೆಗೆ ಸೇರಿಸಿಕೊಳ್ಳದ ಹುಡುಗನು ದಶಲಕ್ಷಣಪರ್ವದಲ್ಲಿ ಹತ್ತು ದಿನ ಉಪವಾಸ ಮಾಡುತ್ತಾನೆ. ಪಾರಣೆಯ ದಿನ ಹಾರ, ಭಾವಚಿತ್ರ, ಬಂಧುಗಳ ಪ್ರಶಂಸೆ. ಮರುವರ್ಷ ಅವನು ಪ್ರತ್ಯಾಖ್ಯಾನಕ್ಕೆ ಕುಳಿತಾಗ ಅವನ ಮನಸ್ಸು ಎಲ್ಲಿದೆಯೆಂದು ತಂದೆತಾಯಿಗಳು ವಿಚಾರಿಸುವುದಿಲ್ಲ. ಹುಡುಗನನ್ನು ಹಳಿಯಬೇಕಾಗಿಲ್ಲ, ಹಸಿವು ಯಾವುದೆಂದು ತಿಳಿದರೆ ಸಾಕು.

ನಂದಿಷೇಣನಿಗೆ ಬೇಡಿದ್ದು ದೊರೆಯಿತು. ಸ್ವರ್ಗಸುಖವನ್ನು ಅನುಭವಿಸಿ, ಅಂಧಕವೃಷ್ಣಿಯ ಮಗ ವಸುದೇವನಾಗಿ ಜನಿಸಿದನು. ಅವನು ಬೀದಿಗೆ ಬಂದರೆ ಶೌರ್ಯಪುರದ ಸ್ತ್ರೀಯರು ಮನೆಗೆಲಸವನ್ನು ಮರೆತು ಧಾವಿಸುತ್ತಿದ್ದರು. ಪುರಜನರು ದೊರೆ ಸಮುದ್ರವಿಜಯನಲ್ಲಿ ಮೊರೆಯಿಟ್ಟರು. ಅಣ್ಣನು ಗದರಿಸಲಿಲ್ಲ, 'ಸುತ್ತಾಡಿ ಬಳಲಿದ್ದೀಯೆ, ಅರಮನೆಯ ಉದ್ಯಾನದಲ್ಲಿಯೇ ವಿಹರಿಸು' ಎಂದು ಪ್ರೀತಿಯಿಂದಲೇ ಅವನನ್ನು ಒಳಗಿರಿಸಿದನು. ತಾನು ಸೆರೆಯಲ್ಲಿರುವ ಸಂಗತಿ ವಸುದೇವನಿಗೆ ತಿಳಿದದ್ದು ದಾಸಿಯೊಬ್ಬಳ ಬಾಯಿಂದ. ಆ ಇರುಳೇ ಅವನು ಶ್ಮಶಾನಕ್ಕೆ ಹೋಗಿ, ತಾನು ಸತ್ತನೆಂದು ಎಲ್ಲರೂ ನಂಬುವಂತೆ ಮಾಡಿ, ಯಾರಿಗೂ ಗುರುತು ಸಿಕ್ಕದಂತೆ ಊರು ಬಿಟ್ಟು ನಡೆದನು.