ಬಿತ್ತುವ ಮೊದಲೇ ಹೋಗಿ ಕೇಳಿ

ಪೇಟೆಯ ಕೆಲಸ ಬಿಟ್ಟು ಬೇಸಾಯಕ್ಕೆ ಇಳಿದ ಹುಡುಗ ಹುಡುಗಿಯರು ನಮ್ಮ ತುಮಕೂರು ಸೀಮೆಯಲ್ಲಿ ಅಲ್ಲಲ್ಲಿ ಕಾಣಸಿಗುತ್ತಿದ್ದೀರಿ. ನಿಮ್ಮನ್ನು ಹೊಲದಲ್ಲಿ ಕಂಡರೆ ಮನಸ್ಸು ತುಂಬುತ್ತದೆ. ಆದರೆ ಮಕ್ಕಳೇ, ಒಂದು ಕಳವಳವೂ ಇದೆ. ಬೆಳೆಗೆ ಏನಾದರೂ ಆಯಿತೆಂದರೆ ನೀವು ಮೊದಲು ಓಡುವುದು ಔಷಧಿ ಅಂಗಡಿಗೆ. ಮೊಬೈಲಿನಲ್ಲಿ ಎಲೆಯ ಫೋಟೋ ತೋರಿಸುತ್ತೀರಿ, ಅಂಗಡಿಯವರು ಎರಡು ಬಾಟಲಿ ಎತ್ತಿಕೊಡುತ್ತಾರೆ. ‘ಇದಕ್ಕೆ ಏನೂ ಹೊಡೆಯಬೇಡ, ಒಂದು ಮಳೆ ಬಂದರೆ ಸರಿಹೋಗುತ್ತದೆ’ ಎನ್ನುವ ಮಾತು ಅಲ್ಲಿ ಸಿಗುವುದು ಕಷ್ಟ. ಹಾಗೆ ಹೇಳಬಲ್ಲವರು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಇದ್ದಾರೆ. ನೀವು ಬಾಟಲಿ ಕೊಂಡರೂ ಬಿಟ್ಟರೂ ಅವರ ಸಂಬಳ ನಡೆಯುತ್ತದೆ.

ನೀವು ರೈತ ಸಂಪರ್ಕ ಕೇಂದ್ರಕ್ಕೆ ಹೋಗುವುದೇ ಇಲ್ಲ ಎನ್ನುತ್ತಿಲ್ಲ. ಸಬ್ಸಿಡಿ ಬೀಜಕ್ಕೆ, ಟಾರ್ಪಾಲಿಗೆ ಸಾಲು ನಿಲ್ಲುತ್ತೀರಿ. ಬೀಜ ಹೆಗಲಿಗೇರಿಸಿ ಹೊರಟುಬಿಡುತ್ತೀರಿ. ಅಲ್ಲಿ ಸಿಗುವ ದೊಡ್ಡ ವಸ್ತು ತಿಳಿವಳಿಕೆ; ಅದನ್ನು ಬಾಯಿಬಿಟ್ಟು ಕೇಳಬೇಕು.

ಈ ತಿಳಿವಳಿಕೆ ಹಂಚುವ ಕೆಲಸ ಇಂದು ನಿನ್ನೆಯದಲ್ಲ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಗ್ರಾಮಸೇವಕರು ಊರೂರಿಗೆ ಬರತೊಡಗಿದರು. ಸೈಕಲ್ ಒರಗಿಸಿ ಜಗಲಿಯ ಮೇಲೆ ಕೂತು ಹೊಸ ತಳಿ, ಹೊಸ ಗೊಬ್ಬರದ ಮಾತು ಆಡುತ್ತಿದ್ದರು. ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಆಮೇಲೆ ಬೆಂಕಿ ರೋಗ ತಡೆಯುವ ಜಿಪಿಯು-28 ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಿಂದ ಬಂತು. ಫಾರಂನಲ್ಲಿ ಬೆಳೆದ ತೆನೆ ಅಲ್ಲೇ ಉಳಿಯದೆ ನಮ್ಮ ಕಣಕ್ಕೆ ಬಂದದ್ದು ಗ್ರಾಮಸೇವಕರಂಥ ಈ ಕೃಷಿ ವಿಸ್ತರಣೆಯ ಜನರಿಂದ. ಒಬ್ಬರ ಹೊಲದಲ್ಲಿ ಪ್ರಾತ್ಯಕ್ಷಿಕೆ ಮಾಡಿ, ಕೊಯ್ಲಿನ ದಿನ ಸುತ್ತಲ ಊರಿನವರನ್ನು ಕರೆಸಿ ಕಣ್ಣಾರೆ ತೋರಿಸುತ್ತಿದ್ದರು. ಕಂಡದ್ದನ್ನು ನಂಬುವ ಜನ ನಾವು, ಮುಂದಿನ ವರ್ಷ ಬೀಜ ಕೇಳಿಕೊಂಡು ಹೋಗುತ್ತಿದ್ದೆವು. ತಿಳಿವಳಿಕೆ ಮೇಲಿಂದ ಕೆಳಕ್ಕೆ ಮಾತ್ರ ಹರಿಯಿತೆಂದೂ ತಿಳಿಯಬೇಡಿ. ಹಾವೇರಿ ಕಡೆಯ ರೈತರು ತಾವೇ ರೂಢಿಸಿಕೊಂಡಿದ್ದ, ಗುಳಿ ತೋಡಿ ಸಸಿ ನೆಡುವ ಗುಳಿ ರಾಗಿ ಪದ್ಧತಿ ಇವತ್ತು ಬೇರೆ ಜಿಲ್ಲೆಗಳಿಗೂ ಹಬ್ಬಿದೆ.

ಮೊದಲ ಕೆಲಸವಾಗಿ ಮಣ್ಣು ಪರೀಕ್ಷೆ ಮಾಡಿಸಿ. ಮುಂಗಾರಿಗೆ ಮುಂಚೆ, ಗೊಬ್ಬರ ಚೆಲ್ಲುವ ಮುಂಚೆ ಮಣ್ಣು ತೆಗೆಯಬೇಕು. ಬದುವಿನ ಅಂಚು, ಮರದ ನೆರಳು, ತಿಪ್ಪೆ ಇದ್ದ ಜಾಗ ಬೇಡ. ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ ಹತ್ತಾರು ಕಡೆ ಮೇಲಿನ ಕಸ ಸರಿಸಿ, ಆರು ಇಂಚು ಆಳಕ್ಕೆ ‘ವಿ’ ಆಕಾರದ ಗುಳಿ ತೋಡಿ. ಅದರ ಒಂದು ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದಿಂಚು ದಪ್ಪಕ್ಕೆ ಮಣ್ಣು ಕೆರೆದು ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ. ಎಲ್ಲ ಬೆರೆಸಿ ಹರಡಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಟ್ಟು ಉಳಿದದ್ದನ್ನು ಮತ್ತೆ ಬೆರೆಸಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ. ನೆರಳಲ್ಲಿ ಒಣಗಿಸಿ, ಹೆಸರು, ಸರ್ವೆ ನಂಬರು ಬರೆದ ಚೀಟಿ ಇಟ್ಟು ರೈತ ಸಂಪರ್ಕ ಕೇಂದ್ರದಲ್ಲಿ ಕೊಡಿ. ಕೆಂಪು ಮಣ್ಣು, ಎರೆ ಮಣ್ಣು ಎರಡೂ ಇದ್ದರೆ ಬೇರೆ ಬೇರೆ ಚೀಲ. ತೆಂಗು, ಅಡಿಕೆಗೆ ಇನ್ನೂ ಆಳದ ಮಣ್ಣು ಬೇಕು, ಅದನ್ನು ಅಲ್ಲೇ ಕೇಳಿಕೊಳ್ಳಿ.

ಇಷ್ಟು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಮನೆಯ ಹಿಂದಿನ ಒಂದು ಹಿಡಿ ಮಣ್ಣು ಕೊಟ್ಟರೆ ಬರುವ ಚೀಟಿ ನಿಮ್ಮ ಹೊಲದ್ದಲ್ಲ. ಸರಿಯಾಗಿ ಕೊಟ್ಟರೆ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರದಿಂದ ಹಿಡಿದು ಸತು, ಬೋರಾನಿನವರೆಗೆ ಹನ್ನೆರಡು ಅಂಶಗಳ ಲೆಕ್ಕ ಸಿಗುತ್ತದೆ. ಎಕರೆಗೊಂದು ಮೂಟೆ ಡಿಎಪಿ ಸುರಿಯುವುದು ನಮ್ಮಲ್ಲಿ ರೂಢಿ. ಡಿಎಪಿಯಲ್ಲಿರುವುದು ನೂರಕ್ಕೆ 18 ಸಾರಜನಕ, 46 ರಂಜಕ. ಪೊಟ್ಯಾಷ್ ಇಲ್ಲ, ಸತು ಇಲ್ಲ. 2009ರಲ್ಲಿ ರಾಜ್ಯದ ಭೂಚೇತನ ಯೋಜನೆ ಶುರುವಾದಾಗ ಮಳೆಯಾಶ್ರಿತ ಹೊಲಗಳಲ್ಲಿ ಕೊರತೆ ಕಂಡದ್ದು ಸತು, ಬೋರಾನ್, ಗಂಧಕದ್ದು. ಇದ್ದ ರಂಜಕದ ಮೇಲೆ ಮತ್ತೆ ರಂಜಕ ಸುರಿದು, ಇಲ್ಲದ ಸತುವನ್ನು ಮರೆತರೆ ದುಡ್ಡೂ ಹೋಯಿತು, ಇಳುವರಿಯೂ ಹೋಯಿತು.

ಎರಡನೆಯದು ಹುಳ, ರೋಗದ ಮಾತು. 2018ರಲ್ಲಿ ಅಮೆರಿಕ ಮೂಲದ ಸೈನಿಕ ಹುಳು ದೇಶದಲ್ಲಿ ಮೊದಲು ಕಂಡದ್ದು ನಮ್ಮ ಕರ್ನಾಟಕದ ಮೆಕ್ಕೆಜೋಳದಲ್ಲೇ. ಅದು ಸುಳಿಯೊಳಗೆ ಕೂತು ತಿನ್ನುತ್ತದೆ, ಎಲೆಯ ಮೇಲೆ ಎಷ್ಟು ಹೊಡೆದರೂ ಅದಕ್ಕೆ ತಾಕುವುದು ಕಡಿಮೆ. ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದೇ ಎಂದು ತಿಳಿಯಬೇಕು. ಇದನ್ನು ಗುರುತಿಸಿ, ಸಣ್ಣ ಮರಿಯಿದ್ದಾಗಲೇ ಸುಳಿಗೆ ಬೀಳುವಂತೆ ಸಂಜೆ ಹೊಡೆಯಿರಿ ಎಂದು ಹೇಳಿಕೊಟ್ಟವರು ವಿಜ್ಞಾನಿಗಳು, ಕೃಷಿ ಅಧಿಕಾರಿಗಳು. ಆದ್ದರಿಂದ ಫೋಟೋ ಸಾಲದು. ಬೇರು ಸಮೇತ ಗಿಡ ಕಿತ್ತು, ಹುಳವನ್ನು ಡಬ್ಬಿಗೆ ಹಾಕಿ ಒಯ್ಯಿರಿ. ಏನು ಬಿತ್ತಿದ್ದು, ಯಾವಾಗ ಬಿತ್ತಿದ್ದು, ಏನೇನು ಹೊಡೆದದ್ದು, ಎಲ್ಲವನ್ನೂ ಮುಚ್ಚಿಡದೆ ಹೇಳಿ. ಹೋಗಲು ಆಗದಿದ್ದರೆ ಕಿಸಾನ್ ಕಾಲ್ ಸೆಂಟರ್ ಇದೆ. 1800-180-1551ಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು.

ಅಧಿಕಾರಿ ಸಿಗಲಿಲ್ಲ, ಕುರ್ಚಿ ಖಾಲಿ ಇತ್ತು ಎನ್ನುತ್ತೀರಿ. ನಿಜ, ಒಬ್ಬೊಬ್ಬರ ಪಾಲಿಗೆ ಹಲವಾರು ಹಳ್ಳಿ, ಜೊತೆಗೆ ಸರ್ವೆ, ವಿಮೆ, ಅರ್ಜಿಗಳ ಹೊರೆ. ಹಾಗೆಂದು ಬಿಟ್ಟುಬಿಡಬೇಡಿ. ನಾಲ್ಕು ಜನ ಸೇರಿ ಒಂದು ದಿನ ಗೊತ್ತು ಮಾಡಿ, ಹೊಲಕ್ಕೇ ಕರೆಯಿರಿ. ಕರೆದವರ ಊರಿಗೆ ಅವರೂ ಮನಸ್ಸಿಟ್ಟು ಬರುತ್ತಾರೆ; ನಾನು ಕಂಡದ್ದು ಹಾಗೆ.

ಇನ್ನೊಂದು ಮಾತು, ಇದು ನನಗೆ ತುಂಬ ಮುಖ್ಯ. ಪಹಣಿ ಗಂಡಸರ ಹೆಸರಲ್ಲಿದೆ ಎಂದು ತರಬೇತಿಯ ಕರೆ ಗಂಡಸರಿಗೇ ಬರುತ್ತದೆ. ಆದರೆ ನಾಟಿ, ಕಳೆ ಬಹುಪಾಲು ಹೆಂಗಸರ ಕೈಯಲ್ಲಿದೆ, ಬೀಜ ಕಾಯುವವರೂ ಅವರೇ. ಹಿರೇಹಳ್ಳಿಯಲ್ಲೋ ತಿಪಟೂರು ಹತ್ತಿರದ ಕೊನೇಹಳ್ಳಿಯಲ್ಲೋ ಕೃಷಿ ವಿಜ್ಞಾನ ಕೇಂದ್ರದ ತರಬೇತಿಗೆ ಹೋಗುವಾಗ ಅಮ್ಮನನ್ನೋ ಹೆಂಡತಿಯನ್ನೋ ಕರೆದುಕೊಂಡು ಹೋಗಿ. ಬೀಜೋಪಚಾರದ ಪ್ರಾತ್ಯಕ್ಷಿಕೆ ನಡೆಯುವಾಗ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅನುಮಾನ ಇದ್ದರೆ ಅವರೇ ಕೇಳಲಿ.